ಇನ್ನೊಂದು ಜೀವ ಬೇಕಾದರೆ ಜಾಹೀರಾತು ನೋಡಿ

‘ಮೊದ್ಲು ಫೋನಿನ ಆಟದ ಮಧ್ಯೆ ಜಾಹೀರಾತು ಬರ್ತಿತ್ತು. ಈಗ ಜಾಹೀರಾತಿಗೆ ಪುರುಸೊತ್ತಾದ್ರೆ ಆಟ ಬತ್ತದೆ’ ಎಂದು ನನಗೆ ಮೊದಲು ಹೇಳಿದ್ದು ಹ್ಯಾಂಡ್‌ಪೋಸ್ಟ್ ಸ್ಟಾಪಿನಲ್ಲಿ ದಿನಾ ನನ್ನ ಜೊತೆ ಬಸ್ಸು ಹತ್ತುವ ನರ್ಸಮ್ಮ. ಆಗ ನಕ್ಕಿದ್ದೆ. ಆಮೇಲೆ ನನಗೂ ಅದೇ ಗತಿಯಾಯಿತು. ಸುಮ್ಮನೆ ಕೂರಲಾಗದ ಜೀವ ನನ್ನದು, ಕೈಗೆ ಏನಾದರೂ ಬೇಕು. ಒಂದೇ ಒಂದು ಆಟವನ್ನು ಯಾರ ಕಾಟವೂ ಇಲ್ಲದೆ ಆಡಿ ಗೆಲ್ಲಬೇಕು ಅನ್ನುವುದಷ್ಟೇ ಆಸೆ.

ತೋರಿಸಿದ್ದೊಂದು

ಜಾಹೀರಾತಿನಲ್ಲಿ ಒಬ್ಬ ರಾಜ ನೀರಲ್ಲಿ ಮುಳುಗುತ್ತಿದ್ದ. ಪಾಪ, ಉಳಿಸೋಣ ಅಂತ ಆಟ ಡೌನ್‌ಲೋಡ್ ಮಾಡಿದೆ. ತೆರೆದರೆ ರಾಜನೂ ಇಲ್ಲ, ನೀರೂ ಇಲ್ಲ. ಟೊಮೆಟೊಗಳನ್ನು ಮೂರು ಮೂರರಂತೆ ಸಾಲಿಗೆ ತರಬೇಕಂತೆ. ಇವತ್ತಲ್ಲ ನಾಳೆ ರಾಜ ಬಂದಾನು ಅಂತ ಜೋಡಿಸುತ್ತಲೇ ಹೋದೆ.

ನರ್ಸಮ್ಮ ಇಣುಕಿ ನೋಡಿದರು. ‘ಬುಡಿ ಮೇಡಂ. ನಂಗೆ ಫೋಟೋದಲ್ಲಿ ತೋರ್ಸಿದ್ ಗಂಡೂ ಇಂಗೇ. ಮದ್ವೆಯಾಗಿ ಇಷ್ಟ್ ವರ್ಷ ಆಯ್ತು, ಅವ್ನು ಇನ್ನೂ ಬಂದಿಲ್ಲ.’

ಕಾಡಿನೊಳಗೆ

ಕಾಕನಕೋಟೆ ಕಡೆ ಹೋಗುತ್ತಿದ್ದೆ. ಕಾಡು ಬಂತು, ನೆಟ್‌ವರ್ಕ್ ಹೋಯಿತು. ನೆಟ್ ಇಲ್ಲದಿದ್ದರೆ ಜಾಹೀರಾತೂ ಇಲ್ಲ, ಇವತ್ತು ಗೆದ್ದೇ ಗೆಲ್ಲುತ್ತೇನೆ ಅಂದುಕೊಂಡು ಟೊಮೆಟೊ ಆಟ ತೆರೆದೆ. ‘ಆಡಲು ಇಂಟರ್ನೆಟ್ ಬೇಕು’ ಅಂತು. ಮೊನ್ನೆಯವರೆಗೆ ಬೇಕಿರಲಿಲ್ಲ, ಹೊಸ ಅಪ್‌ಡೇಟ್ ಮಾಡಿದ ಕೃಪೆ. ಸಿಟ್ಟಿನಲ್ಲಿ ತಲೆ ಎತ್ತಿದರೆ ಬಸ್ಸೂ ನಿಂತಿದೆ. ರಸ್ತೆಗೆ ಅಡ್ಡಲಾಗಿ ಆನೆ, ನಿಧಾನಕ್ಕೆ ಸೊಪ್ಪು ತಿನ್ನುತ್ತಿದೆ.

‘ಇನ್ನೂ ಎಷ್ಟೊತ್ತು ಕಂಡಕ್ಟ್ರೇ?’

ಅವರು ನನ್ನ ಫೋನನ್ನು ನೋಡಿದರು, ಆನೆಯನ್ನು ನೋಡಿದರು. ‘ಇದ್ನ ಸ್ಕಿಪ್ ಮಾಡಕಾಗಕಿಲ್ಲ ಕಣಮ್ಮ. ಪೂರ್ತಿ ನೋಡ್ಬೇಕು.’

ನೆಲದ ಮೇಲೆ

ನಮ್ಮತ್ತೆ ಫೋನಿನಲ್ಲಿ ಚೌಕಾಬಾರ ಆಡುತ್ತಾರೆ. ಅದರಲ್ಲಿ ಕಾಯಿ ಸತ್ತರೆ ಜಾಹೀರಾತು ನೋಡಬೇಕು, ಮತ್ತೆ ಜೀವ ಬರುತ್ತದೆ. ಹೀಗೆ ದಿನವೆಲ್ಲ ಸಾಯುವುದು, ನೋಡುವುದು, ಏಳುವುದು. ತಡೆಯಲಾರದೆ ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದೆ, ಕವಡೆ ತಂದೆ, ಪಕ್ಕದ ಮನೆ ಅಕ್ಕನನ್ನೂ ಕರೆದೆ. ಫೋನುಗಳು ಅಕ್ಕಿ ಡಬ್ಬಿಯೊಳಗೆ.

ಆಟ ಏರಿತು. ಅತ್ತೆಯ ಕೊನೆಯ ಕಾಯಿ ನಡುಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿ, ನನ್ನ ಕೊನೆಯದೂ ಅದರ ಬೆನ್ನಿಗೇ ಇತ್ತು. ಕವಡೆ ಬಿಟ್ಟೆ, ಒಂದು ಬಿತ್ತು. ಅತ್ತೆಯ ಕಾಯಿ ಕಡಿದೆ. ಕಡಿದವರಿಗೆ ಇನ್ನೊಂದು ಸಲ ಆಡುವ ಹಕ್ಕು; ಮತ್ತೆ ಒಂದು ಬಿದ್ದರೆ ಆಟ ನನ್ನದು.

ಅತ್ತೆ ಕೈ ಅಡ್ಡ ಹಿಡಿದರು. ‘ತಡಿ. ಆಡ್ ನೋಡ್ತೀನಿ, ನನ್ ಜೀವ ಕೊಡು.’

‘ಅತ್ತೆ, ಇದು ನೆಲ.’

‘ನೆಲ ಆದ್ರೇನು? ಯಾವ್ದಾರ ಒಂದ್ ಆಡ್ ಆಕು.’

ಪಕ್ಕದ ಮನೆ ಅಕ್ಕ ಸೆರಗು ಸರಿಮಾಡಿಕೊಂಡರು. ‘ನಾನ್ ಆಕ್ತೀನಿ ದೊಡ್ಡವ್ವ. ನಮ್ಮ ಎಮ್ಮೆ ಮಾರೋದದೆ. ಎರಡ್ನೇ ಸೂಲು. ಒದೆಯಕಿಲ್ಲ, ಕೊಂಬಲ್ಲಿ ಆಯಕಿಲ್ಲ. ಕರ ಇಲ್ದಿದ್ರೂವೆ ಆಲು ಕೊಡ್ತದೆ...’

ಅತ್ತೆ ರೆಪ್ಪೆ ಬಡಿಯದೆ ಪೂರ್ತಿ ಕೇಳಿದರು. ನನ್ನ ಕಾಯಿಯನ್ನು ಹಿಂದಕ್ಕೆ ತಳ್ಳಿದರು, ತಮ್ಮದನ್ನು ಇಟ್ಟರು. ‘ಜೀವ ಬಂದೋರ್ದೇ ಮೊದ್ಲು’ ಅಂತ ನನ್ನ ಕೈಯಿಂದ ಕವಡೆ ಕಿತ್ತುಕೊಂಡು ಬಿಟ್ಟರು. ಒಂದು. ಹಣ್ಣು.

ಆ ಎಮ್ಮೆ ಇನ್ನೂ ಕೊಟ್ಟಿಗೆಯಲ್ಲೇ ಇದೆ, ಅದರ ಆಡ್ ದಿನಾ ಬರುತ್ತಲೇ ಇದೆ. ಅದು ಮಾರಾಟವಾಗುವವರೆಗೆ ಅತ್ತೆಯ ಕಾಯಿ ಸಾಯುವುದಿಲ್ಲ, ನಾನು ಗೆಲ್ಲುವುದಿಲ್ಲ. ಈಗ ಆಡ್ ನೀವೂ ಪೂರ್ತಿ ಕೇಳಿದ್ದೀರಿ. ದಯವಿಟ್ಟು ನಾಲ್ಕು ಜನಕ್ಕೆ ಹೇಳಿ: ಎರಡನೇ ಸೂಲು, ಒದೆಯುವುದಿಲ್ಲ.