ಹುಲ್ಲು ನೋಡುವ ಗಂಡು

ಹುಲ್ಲು ನೋಡುವುದೇ ಕಸುಬಾದವನನ್ನು ಯಾರೂ ನಂಬುವುದಿಲ್ಲ. ಐವತ್ತರ ದಶಕದಲ್ಲಿ ನಾನು ಹುಣಸೂರಿನಲ್ಲಿ ರೂಮು ಮಾಡಿಕೊಂಡು, ಯಾವ ಗಿಡದ ಪಕ್ಕ ಯಾವ ಗಿಡ ಬಾಳುತ್ತದೆ ಎಂದು ಕಾಡಂಚಿನ ಊರುಗಳಲ್ಲಿ ಅಧ್ಯಯನ ಮಾಡುತ್ತಿದ್ದೆ. ಅನುಮಾನ ನನ್ನ ಬೆನ್ನಿಗೇ ಇತ್ತು. ಮದುವೆ ಮಾತು ಶುರುವಾದ ಮೇಲಂತೂ ಕೇಳಲೇಬೇಡಿ.

ಹಗ್ಗ

ವೀರನಹೊಸಹಳ್ಳಿಯ ಗೋಮಾಳದಲ್ಲಿ ನಾಲ್ಕು ಗೂಟ ನೆಟ್ಟು, ಹಗ್ಗ ಕಟ್ಟಿ, ಅದರೊಳಗೆ ಏನೇನು ಬೆಳೆದಿದೆಯೆಂದು ಮಂಡಿಯೂರಿ ನೋಡುತ್ತಿದ್ದೆ. ಊರ ಯಜಮಾನರು ಬಂದು ನಿಂತರು.

"ಏನ್ ಸ್ವಾಮಿ, ಗೋಮಾಳ ಸರ್ಕಾರಕ್ಕೆ ಓಯ್ತದಾ?"

"ಇಲ್ಲ ಗೌಡ್ರೇ, ಹುಲ್ಲು ನೋಡ್ತಿದ್ದೀನಿ."

"ಹುಲ್ಲು ನೋಡಾಕೆ ಹಗ್ಗ ಯಾಕೆ? ಅದೇನು ಓಡೋಯ್ತದಾ?"

ಹೇಳಿ ಹೇಳಿ ಸಾಕಾಯಿತು. ಅವರ ಮನೆಯಲ್ಲಿ ಮುದ್ದೆ ಉಂಡ ಮೇಲಷ್ಟೇ ನಾನು ನಿರಪಾಯಿ ಎಂದು ತೀರ್ಮಾನವಾಯಿತು. ಊರವರಿಗೂ ಸಾರಿದರು: "ಇವಯ್ಯ ಒಳ್ಳೇವ್ರೇ. ಇವ್ರನ್ನ ಕಳ್ಸಿರೋ ಸರ್ಕಾರದ ಕೋಟಿನೋರು ಬಂದ್ರೆ ಮಾತ್ರ ಉಸಾರು ಕಣ್ರಲಾ!"

ಇಲ್ಲದ ಹಸು

ಸಂಜೆ ನಾನು ಹುಲ್ಲಿನ ಕಂತೆ ಹಿಡಿದು ಬರುವುದನ್ನು ಕಂಡು ಮನೆ ಒಡತಿ ಅಜ್ಜಿಗೆ ಸಮಾಧಾನವಿರಲಿಲ್ಲ. ಒಂದು ದಿನ ರೂಮಿಗೆ ನುಗ್ಗಿ ಮಂಚದ ಕೆಳಗೆ ಬಗ್ಗಿ ನೋಡಿದರು.

"ಹಸ ಎಲ್ಲಿ ಕಟ್ಟಿದ್ದೀಯಪ್ಪ?"

ಹಸು ಇಲ್ಲ ಎಂದೆ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

"ಅಂಗಾದ್ರೆ ಹುಲ್ಲು ಯಾರು ತಿಂತಾರೆ?"

ವಿಚಾರಣೆ

ಮಿರ್ಲೆಯ ಸಾವ್ಕಾರರ ಮಗಳನ್ನು ನೋಡಿ ಬಂದಿದ್ದೆ. ಹುಡುಗಿ ನನಗೆ ಬಹಳ ಹಿಡಿಸಿದ್ದಳು. ಗಂಡಿನ ಬಗ್ಗೆ ಗುಟ್ಟಾಗಿ ವಿಚಾರಿಸುವುದು ಹೆಣ್ಣಿನ ಕಡೆಯವರ ಪದ್ಧತಿ. ಸಾವ್ಕಾರರು ಕೋಟು ತೊಟ್ಟು, ತಾವು ಯಾರೆಂದು ಹೇಳದೆ, ವೀರನಹೊಸಹಳ್ಳಿಗೇ ಹೋಗಿ, "ಇಲ್ಲಿ ಹಗ್ಗ ಕಟ್ಟಿ ಹುಲ್ಲು ನೋಡುವವರು ಬರುತ್ತಾರಾ?" ಎಂದು ಕೇಳಿದ್ದಾರೆ. ಕೋಟು ಕಂಡ ಯಜಮಾನರು, "ಅಂಥೋರು ಯಾರೂ ಇಲ್ಲ" ಅಂದುಬಿಟ್ಟಿದ್ದಾರೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

"ಇಲ್ಲದ ಕೆಲಸ ಹೇಳಿಕೊಳ್ಳುವವನಿಗೆ ಮಗಳನ್ನು ಕೊಡುವುದಿಲ್ಲ" ಎಂದು ಮಿರ್ಲೆಯಿಂದ ಸುದ್ದಿ ಬಂತು. ನನಗೆ ಅಳುವೇ ಬಂತು. ಸಾಕ್ಷಿ ಹೇಳಿ ಎಂದು ಯಜಮಾನರ ಕಾಲು ಹಿಡಿದು ಮಿರ್ಲೆಗೆ ಕರೆದೊಯ್ದೆ. "ಯೋಚ್ನೆ ಬುಡಿ, ನಾನ್ ಯೋಳ್ತೀನಿ" ಎಂದು ಬಸ್ಸಿನುದ್ದಕ್ಕೂ ಧೈರ್ಯ ತುಂಬಿದ ಮನುಷ್ಯ, ಜಗುಲಿಯ ಮೇಲೆ ಅದೇ ಕೋಟಿನವರನ್ನು ಕಂಡದ್ದೇ ಬೆವೆತುಹೋದರು.

"ಇವರು ನಿಮಗೆ ಗೊತ್ತಾ?" ಸಾವ್ಕಾರರು ನನ್ನನ್ನು ತೋರಿಸಿ ಕೇಳಿದರು.

"ಇಲ್ಲ ಬುದ್ಧಿ. ಇವತ್ತೇ ನೋಡ್ತಿರೋದು."

"ಜೊತೆಯಲ್ಲೇ ಬಂದಿರಲ್ಲ?"

"ದಾರೀಲಿ ಸಿಕ್ಕುದ್ರು. ಹುಲ್ಲು ನೋಡಾಕೆ ಯಾರೂ ಬರಾಕಿಲ್ಲ ಬುದ್ಧಿ. ನಮ್ಮೂರಲ್ಲಿ ಹುಲ್ಲೇ ಇಲ್ಲ!"

"ಇಲ್ವಾ? ನಾನು ಅವತ್ತು ಹುಲ್ಲಿನ ಮೇಲೆ ಕೂತೇ ಬುತ್ತಿ ಉಂಡೆನಲ್ಲ!"

ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಸಾವ್ಕಾರರು ನಗಲಿಲ್ಲ. ಕಣ್ಣು ಕಿರಿದು ಮಾಡಿ ಯಜಮಾನರನ್ನು ಮೇಲಿಂದ ಕೆಳಗೆ ಅಳೆದರು.

"ಈ ಗಂಡನ್ನ ಇಷ್ಟು ಬಚ್ಚಿಡ್ತಾ ಇದ್ದೀರಲ್ಲ ಗೌಡ್ರೇ, ನಿಮ್ಮನೇಲೂ ಮದುವೆಗೆ ಬಂದ ಮಗಳಿದ್ದಾಳಾ?"

ಯಜಮಾನರು ಬಾಯಿ ತೆರೆಯುವ ಮೊದಲೇ ಸಾವ್ಕಾರರು ಒಳಕ್ಕೆ ಕೂಗಿದರು:

"ತಾಂಬೂಲದ ತಟ್ಟೆ ತನ್ನಿ, ಬೇಗ!"