ಕುಯಾ ಪಿಟೊಯ್ ಅವರ ಜನ್ಮಸ್ಥಳ

ಹಾಸ್ಯನಟರೂ ಟಿವಿ ನಿರೂಪಕರೂ ಆದ ಸನ್ಮಾನ್ಯ ಕುಯಾ ಪಿಟೊಯ್ ಅವರು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಬರಂಗಾಯ್ ಸಾಂತಾ ಪಾಸಿಯೆನ್ಸಿಯಾ ಎಂಬ ವಾರ್ಡಿನ ಕೊಳಚೆ ಕಾಲುವೆಯ ದಂಡೆಯ ಮೇಲೆ, ಮನೆಮನೆಯ ಬಟ್ಟೆ ಒಗೆದು ಬದುಕುವ ಅಲಿಂಗ್ ಟಾಸಿಂಗ್‌ಳ ಗುಡಿಸಲಿನಲ್ಲಿ ಜನಿಸಿದರು. ಜನನ ಸುಸೂತ್ರವಾಗಿ ಆಯಿತು. ಆ ಹೊತ್ತಿನಲ್ಲಿ ಮನೆಯೊಡತಿ ಮನೆಯಲ್ಲಿರಲಿಲ್ಲ. ನಲ್ಲಿಯ ಹತ್ತಿರ ಯಾರದೋ ಬೆಡ್‌ಶೀಟ್ ಕುಕ್ಕುತ್ತಿದ್ದಳು. ಹೀಗಾಗಿ ಆಕೆಗೆ ವಿಷಯ ಸ್ವಲ್ಪ ತಡವಾಗಿ ತಿಳಿಯಿತು.

ಕುಯಾ ಪಿಟೊಯ್ ಅದಕ್ಕೆ ಮೊದಲೂ ಒಮ್ಮೆ ಹುಟ್ಟಿದ್ದರೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆ ಸಲ ಅವರು ಹುಟ್ಟಿದ್ದು ಗೇಟಿನಲ್ಲಿ ಕಾವಲುಗಾರನಿದ್ದ ಬಡಾವಣೆಯೊಂದರಲ್ಲಿ, ದಂತವೈದ್ಯ ಡಾಕ್ಟರ್ ಪೊರ್ಫಿರಿಯೊ ಅಲ್ಕಾಂತರರ ಏಕಮಾತ್ರ ಪುತ್ರನಾಗಿ. ಆ ಮನೆಯಲ್ಲಿ ಮಗುವಿಗೇ ಪ್ರತ್ಯೇಕ ಬಚ್ಚಲುಮನೆಯಿತ್ತು. ಚುನಾವಣೆ ಹತ್ತಿರ ಬಂದಾಗ ಪಕ್ಷದವರು ಕೂತು ಪರಿಶೀಲಿಸಿ, ಈ ಜನನವು ಮೇಯರ್ ಹುದ್ದೆಗೆ ತಕ್ಕುದಲ್ಲವೆಂದು ತೀರ್ಮಾನಿಸಿದರು.

ಅವರ ವೃತ್ತಿಜೀವನದ ಬಗ್ಗೆ ಎರಡು ಮಾತು ಹೇಳಬೇಕು. ಮೊದಮೊದಲು ಅವರು ಬಾರುಗಳಲ್ಲಿ ಮೈಕು ಹಿಡಿದು, ಮುಂದಿನ ಸಾಲಿನ ಬೋಳುತಲೆಯವರನ್ನೂ ಡೊಳ್ಳುಹೊಟ್ಟೆಯವರನ್ನೂ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಸಿಕೊಂಡವರು ಹೊಟ್ಟೆ ಹುಣ್ಣಾಗುವಂತೆ ನಕ್ಕು, ಮರುವಾರ ಹೆಂಡತಿಯನ್ನೂ ಕರೆತಂದು ಬೈಸುತ್ತಿದ್ದರು. ಅಲ್ಲಿಂದ ಟಿವಿಗೆ ಬಂದು, ‘ಮಧ್ಯಾಹ್ನದ ಮಜಾ’ ಎಂಬ ಕಾರ್ಯಕ್ರಮದ ನಿರೂಪಕರಾಗಿ, ಊರಿಗೆಲ್ಲ ‘ಕುಯಾ’, ಅಂದರೆ ಅಣ್ಣ, ಎನಿಸಿಕೊಂಡರು. ಆಗ ವಾಹಿನಿಯವರು ಒಂದು ಮಹತ್ವದ ಸಂಗತಿ ಕಂಡುಹಿಡಿದರು. ನಗುವಾಗ ಜನ ಊಟ ಮಾಡುತ್ತಲೇ ಇರುತ್ತಾರೆ, ತಟ್ಟೆ ನೋಡುತ್ತಾರೆ. ಯಾರಾದರೂ ಅತ್ತರೆ ಮಾತ್ರ ಚಮಚ ಕೆಳಗಿಟ್ಟು ಪರದೆ ನೋಡುತ್ತಾರೆ. ಹಿಂದೆಯೇ ಬರುವ ಸೋಪಿನ ಜಾಹೀರಾತನ್ನೂ ನೋಡುತ್ತಾರೆ. ಅಂದಿನಿಂದ ಹಾಸ್ಯ ಕಾರ್ಯಕ್ರಮದಲ್ಲಿ ನಗುವನ್ನು ಹಂತ ಹಂತವಾಗಿ ರದ್ದುಗೊಳಿಸಲಾಯಿತು.

ಹೊಸ ನಿಯಮಗಳು ಹೀಗಿದ್ದವು: ಸ್ಪರ್ಧಿಯು ಬಡವನಾಗಿರತಕ್ಕದ್ದು. ತನ್ನ ದುಃಖವನ್ನು ಎರಡು ಜಾಹೀರಾತುಗಳ ನಡುವೆ ಮುಗಿಸತಕ್ಕದ್ದು. ಅತ್ತಾದ ಮೇಲೆ ಕುಣಿಯತಕ್ಕದ್ದು. ಕುಣಿದಾದ ಮೇಲೆ ಅತ್ತರೆ ಅದು ಊರ್ಜಿತವಲ್ಲ. ಕುಯಾ ಪಿಟೊಯ್ ಕೊರಳಿಗೆ ಬಿಳಿ ಟವೆಲು ಸುತ್ತಿಕೊಂಡು ಸ್ಪರ್ಧಿಯ ಜೊತೆ ತಾವೂ ಅಳುತ್ತಿದ್ದರು. ಒಂದು ಕಣ್ಣು ಅಳುವಾಗ ಇನ್ನೊಂದು ಕಣ್ಣು ಗಡಿಯಾರ ನೋಡುವ ಕಲೆ ಅವರಿಗೆ ಒಲಿದಿತ್ತು.

ಅಲಿಂಗ್ ಟಾಸಿಂಗ್ ಅವರ ಕಟ್ಟಾ ಅಭಿಮಾನಿ. ದಿನಾ ಮಧ್ಯಾಹ್ನ ಕ್ಷೌರದ ಅಂಗಡಿಯ ಮಾಂಗ್ ಇಸ್ಕೊನ ಕಿಟಕಿಯ ಹೊರಗಿನಿಂದ ಟಿವಿ ನೋಡಿ, ಒದ್ದೆ ಕೈಯನ್ನು ಸೆರಗಿಲ್ಲದ ಅಂಗಿಗೇ ಒರೆಸಿಕೊಳ್ಳುತ್ತ ಅವರ ಜೊತೆ ಅಳುತ್ತಿದ್ದಳು. ತನ್ನ ಸ್ವಂತ ಕಷ್ಟಕ್ಕೆ ಅಳಲು ಆಕೆಗೆ ಪುರುಸೊತ್ತಿರಲಿಲ್ಲ. ಕಷ್ಟವೇನೋ ಇತ್ತು. ಕಾಲುವೆ ದಂಡೆಯ ಮನೆಗಳನ್ನೆಲ್ಲ ಕೆಡವುತ್ತೇವೆಂದು ನಗರಸಭೆ ಕೆಂಪು ಬಣ್ಣದಲ್ಲಿ ಗೋಡೆಗೋಡೆಗೆ ಗುರುತು ಹಾಕಿತ್ತು. ಗಂಡ ಬದುಕಿದ್ದಾಗ ಹಲಗೆ ಹಲಗೆ ಹೊತ್ತು ತಂದು ಕಟ್ಟಿದ ಮನೆ. ಸೂರಿನ ಮೇಲೆ ಹಳೇ ಚುನಾವಣೆಗಳ ಬ್ಯಾನರುಗಳನ್ನೇ ಹೊದಿಸಿದ್ದಳು; ಮಲಗಿ ಮೇಲೆ ನೋಡಿದರೆ ಮೂವರು ಮಾಜಿ ಮೇಯರುಗಳು ಹಲ್ಲು ಬಿಡುತ್ತಿದ್ದರು. ಅದೊಂದು ಬಿಟ್ಟರೆ ಆಕೆಗೆ ಈ ಭೂಮಿಯ ಮೇಲೆ ಬೇರೆ ಏನೂ ಇರಲಿಲ್ಲ.

ಆ ಮಂಗಳವಾರ ಬಕೆಟ್ಟು ಹೊತ್ತು ಮನೆಗೆ ಬಂದರೆ, ಬಾಗಿಲಲ್ಲಿ ಕ್ಯಾಮೆರಾ, ದೀಪ, ಜನ. ಬರಂಗಾಯ್‌ನ ಮುಖ್ಯಸ್ಥ ಕಪಿತಾನ್ ದೆಲ್ಫಿನ್ ಇಸ್ತ್ರಿ ಅಂಗಿ ಹಾಕಿ ನಿಂತಿದ್ದ. ಅವನ ಪಕ್ಕದಲ್ಲಿ ಪ್ರಚಾರದ ಉಸ್ತುವಾರಿ ಹೊತ್ತ ವಕೀಲೆ, ಅಟಾರ್ನಿ ಮೊನೆತ್, ಮೂಗಿಗೆ ಕರವಸ್ತ್ರ ಹಿಡಿದಿದ್ದಳು.

“ಅಲಿಂಗ್, ಶುಭ ಸಮಾಚಾರ! ಕುಯಾ ಪಿಟೊಯ್ ನಿಮ್ಮನೇಲಿ ಹುಟ್ಟಿದ್ರು,” ಎಂದ ಕಪಿತಾನ್.

“ಅಯ್ಯೋ ದೇವ್ರೇ, ಯಾವಾಗ?”

“ಐವತ್ತೆರಡು ವರ್ಷದ ಹಿಂದೆ. ಈಗಷ್ಟೇ ಮುಗೀತು, ಫೋಟೋ ತೆಗೆಸ್ಕೊಂಡು ಹೋದ್ರು.”

“ಆದ್ರೆ ಈ ಮನೆ ಕಟ್ಟಿದ್ದೇ ನಾನು ಮದುವೆ ಆದ್ಮೇಲೆ ಅಲ್ವಾ, ಕಪಿತಾನ್‌ರೇ?”

“ಅಲಿಂಗ್, ದೊಡ್ಡವರು ಬಂದಿರೋವಾಗ ಲೆಕ್ಕ ಹಾಕ್ತಾ ಕೂರ್ಬಾರ್ದು,” ಎಂದು ಆತ ಮೆಲ್ಲಗೆ ಗದರಿದ.

ಅಟಾರ್ನಿ ಮೊನೆತ್ ವಿವರಿಸಿದಳು. ದಂಡೆಯ ಮನೆಗಳನ್ನೆಲ್ಲ ನೋಡಿಯಾಗಿದೆ. ಕೆಲವು ತೀರಾ ಗಟ್ಟಿಯಾಗಿವೆ, ಕೆಲವು ಕ್ಯಾಮೆರಾ ಇಟ್ಟ ಕೂಡಲೇ ಬಿದ್ದುಹೋದವು. ಈ ಮನೆಯೊಂದೇ ಹದವಾಗಿ ವಾಲಿದೆ. ಇಂಥ ವಾಲು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಅಲಿಂಗ್ ಟಾಸಿಂಗ್ ಒಂದೇ ಪ್ರಶ್ನೆ ಕೇಳಿದಳು. “ಮತ್ತೆ ಮನೆ ಕೆಡವಲ್ವಾ?”

“ಕೆಡವೋದಾ? ಇನ್ಮೇಲೆ ಒಂದು ಮೊಳೆ ಕೂಡ ಯಾರೂ ಮುಟ್ಟೋ ಹಾಗಿಲ್ಲ. ಇದು ಕುಯಾ ಹುಟ್ಟಿದ ಮನೆ ಕಣ್ರೀ!” ಎಂದಳು ವಕೀಲೆ.

ಆಕೆಗೆ ಕಣ್ಣು ತುಂಬಿ ಬಂತು. ಬಕೆಟ್ಟು ಕೆಳಗಿಟ್ಟು ವಕೀಲೆಯ ಕೈ ಹಿಡಿದುಕೊಂಡಳು. ವಕೀಲೆ ಆಮೇಲೆ ಆ ಕೈಗೆ ಸ್ಪಿರಿಟ್ ಹಚ್ಚಿಕೊಂಡಳು.

ಮರುದಿನ ಅಕ್ಕಪಕ್ಕದವರಿಗೆಲ್ಲ ಒಂದೊಂದು ಅಕ್ಕಿಯ ಮೂಟೆ ಬಂತು. ಅಕ್ಕಿ ಬೆಂದ ಹಾಗೆಲ್ಲ ನೆನಪುಗಳೂ ಬೆಂದವು. “ಪಿಟೊಯ್‌ನ ಮೊದಲ ಕ್ಷೌರ ನಾನೇ ಮಾಡಿದ್ದು, ತಲೆ ತುಂಬಾ ಹೇನು, ಪಾಪ,” ಎಂದ ಮಾಂಗ್ ಇಸ್ಕೊ. ಅವನು ಕುಯಾ ಅವರಿಗಿಂತ ವಯಸ್ಸಿನಲ್ಲಿ ಚಿಕ್ಕವನು. ಎದುರುಮನೆಯವಳು, ಹುಡುಗ ಹಸಿವು ತಾಳದೆ ತನ್ನ ಒಣಮೀನು ಕದ್ದದ್ದನ್ನು ಹೇಳಿ ಬಿಕ್ಕಿದಳು. ಆಕೆ ಸುಳ್ಳು ಹೇಳಿದಳೆನ್ನಬೇಡಿ. ಮೂರನೆಯ ಸಲ ಹೇಳುವ ಹೊತ್ತಿಗೆ ಅವಳಿಗೆ ನಿಜವಾಗಿಯೂ ಸಿಟ್ಟು ಬಂದು, ಆ ಮೀನು ವಾಪಸು ಬೇಕೆಂದು ಕೇಳಿದಳು. ವಿಚಾರಣೆ ನಡೆಸಿ ಅವಳಿಗೆ ಒಣಮೀನು ಮಂಜೂರು ಮಾಡಲಾಯಿತು.

ದಂತವೈದ್ಯರ ವಿಧವೆ, ಅಂದರೆ ಕುಯಾ ಅವರ ಹೆತ್ತ ತಾಯಿ ದೋನ್ಯಾ ಕ್ಲೊತಿಲ್ದೆ, ಇದನ್ನೆಲ್ಲ ಟಿವಿಯಲ್ಲಿ ನೋಡಿ ಊಟ ಬಿಟ್ಟರು. “ನನ್ನ ಕಂದ ಇಷ್ಟೆಲ್ಲ ಕಷ್ಟಪಟ್ಟಿದ್ದು ನನಗೇ ಗೊತ್ತಿರ್ಲಿಲ್ವಲ್ಲಾ!” ಎಂದು ಮೂರು ದಿನ ಅತ್ತರು.

ಇಷ್ಟಾದ ಮೇಲೆ ದಾಖಲೆ ಬೇಕಲ್ಲ. ಕಪಿತಾನ್ ದೆಲ್ಫಿನ್ ಬರಂಗಾಯ್ ಕಚೇರಿಯಲ್ಲಿ ಬ್ಯಾಂಡು ಬಾರಿಸಿ ಕುಯಾ ಪಿಟೊಯ್ ಅವರಿಗೆ ಬಡತನದ ಪ್ರಮಾಣಪತ್ರ ನೀಡಿದ. ಅದನ್ನು ಸ್ವೀಕರಿಸಲು ಅವರು ಎರಡು ಕಾರುಗಳಲ್ಲಿ ಬಂದಿದ್ದರು. ಒಂದರಲ್ಲಿ ತಾವು, ಇನ್ನೊಂದರಲ್ಲಿ ಅಳುವಾಗ ಹಾಕುವ ಅಂಗಿಗಳು.

ಸಮಸ್ಯೆ ಎದ್ದದ್ದು ಅದರ ಮರುವಾರ. ದಂಡೆಯ ಜನರನ್ನು ಊರಾಚೆಯ ಹೊಸ ಕಾಲೋನಿಗೆ ಸಾಗಿಸುವ ಪಟ್ಟಿ ತಯಾರಾಯಿತು. ಪಟ್ಟಿಗೆ ಸೇರಲು ಬಡತನದ ಪ್ರಮಾಣಪತ್ರ ಬೇಕು. ತನ್ನ ಮನೆ ಹೇಗೂ ಉಳಿಯುತ್ತದೆಂದು ಅಲಿಂಗ್ ಟಾಸಿಂಗ್ ನಿಶ್ಚಿಂತೆಯಿಂದ ಒಗೆಯುತ್ತಿದ್ದಳು. ಆಗ ಕಚೇರಿಯಿಂದ ಕರೆ ಬಂತು.

“ಅಲಿಂಗ್, ಕುಯಾ ಹುಟ್ಟಿದ ಮನೇಲಿ ನೀವು ಯಾಕೆ ವಾಸ ಮಾಡ್ತಿದ್ದೀರಿ?” ಎಂದು ಕೇಳಿದ ಕಪಿತಾನ್.

“ಅದು ನನ್ನ ಮನೆ ಅಲ್ವಾ?”

“ಆ ಮನೆಯ ಬಡವರು ಅಂತ ದಾಖಲೆಯಲ್ಲಿ ಇರೋದು ಕುಯಾ. ಒಂದು ಮನೆಗೆ ಒಂದೇ ಬಡತನ, ಅದು ನಿಯಮ. ಅವರು ತಗೊಂಡಾಯ್ತಲ್ಲ.”

“ಹಾಗಾದ್ರೆ ನನ್ನನ್ನ ಕಾಲೋನಿ ಪಟ್ಟಿಗಾದ್ರೂ ಹಾಕಿ.”

“ಅದಕ್ಕೆ ಪ್ರಮಾಣಪತ್ರ ಬೇಕು. ನಿಮ್ಮ ಹತ್ರ ಇಲ್ಲ. ಅಂದ್ರೆ ಸರ್ಕಾರದ ಲೆಕ್ಕದಲ್ಲಿ ನೀವು ಬಡವರಲ್ಲ.” ಕಪಿತಾನ್ ಎದ್ದು ಆಕೆಯ ಕೈ ಕುಲುಕಿದ. “ಅಭಿನಂದನೆ, ಅಲಿಂಗ್.”

ಆ ಸಂಜೆಯೇ ಕಾವಲುಗಾರನೊಬ್ಬ ಬಂದು, ಮನೆ ಈಗ ಸ್ಮಾರಕ, ಸ್ಮಾರಕದಲ್ಲಿ ಮಲಗುವುದು ಅಪರಾಧವೆಂದು ಹೇಳಿ ಆಕೆಯನ್ನು ಹೊರಗೆ ಕಳಿಸಿದ. ಚಾಪೆ, ಪಾತ್ರೆ, ಗಂಡನ ಫೋಟೋ ಎಲ್ಲ ಒಳಗೇ ಉಳಿದವು. ಗಂಡನ ಫೋಟೋದ ಕೆಳಗೆ ‘ಕುಯಾ ಅವರ ಪೂಜ್ಯ ತಂದೆ’ ಎಂದು ಫಲಕ ಬಿತ್ತು. ಆಕೆ ಮಾಂಗ್ ಇಸ್ಕೊನ ಅಂಗಡಿಯ ಬೆಂಚಿನ ಮೇಲೆ ಮುದುಡಿ ಮಲಗಿದಳು.

“ಕುಯಾನ ಹತ್ರಾನೇ ಹೋಗು,” ಎಂದ ಮಾಂಗ್ ಇಸ್ಕೊ. “ಬಡವರ ಮಾತು ಕೇಳೋನು ಅವನೊಬ್ನೇ. ಎಷ್ಟಂದ್ರೂ ನಾನು ಎತ್ತಿ ಆಡಿಸಿದ ಹುಡುಗ.”

ಹೀಗೆ ಅಲಿಂಗ್ ಟಾಸಿಂಗ್ ‘ಮಧ್ಯಾಹ್ನದ ಮಜಾ’ಕ್ಕೆ ಹೋದಳು. ದುಃಖ ಪರೀಕ್ಷಿಸುವ ಮೇಜಿನಲ್ಲಿ ಕೂತಿದ್ದ ಹುಡುಗಿ ಆಕೆಯನ್ನು ಕೇಳಿ, “ಮನೆ ಹೋಗಿದೆ, ಗಂಡ ಇಲ್ಲ. ಕಾಯಿಲೆ ಏನಾದ್ರೂ ಇದ್ರೆ ನೋಡಿ, ತೂಕ ಬರತ್ತೆ,” ಎಂದಳು. ಇಲ್ಲವೆಂದಾಗ ಮುಖ ಸಿಂಡರಿಸಿ, ಕೊನೆಗೆ ಆ ದಿನ ಬೇರೆ ವಿಧವೆಯರು ಬಾರದ ಕಾರಣ ಒಳಗೆ ಬಿಟ್ಟಳು.

ವೇದಿಕೆಯ ಮೇಲೆ ದೀಪಗಳ ಕೆಳಗೆ, ತಾನು ಇಷ್ಟು ವರ್ಷ ಕಿಟಕಿಯಲ್ಲಿ ಕಂಡ ಮುಖ ಗೇಣು ದೂರದಲ್ಲಿತ್ತು. ಕುಯಾ ಪಿಟೊಯ್ ಆಕೆಯ ಹೆಗಲ ಮೇಲೆ ಕೈಯಿಟ್ಟರು.

“ಹೇಳಿ ಅಲಿಂಗ್, ನಿಮ್ಮನ್ನ ಯಾರು ಅಳಿಸಿದ್ರು?”

“ನೀವೇ,” ಎಂದಳು ಅಲಿಂಗ್ ಟಾಸಿಂಗ್. “ನನ್ನ ಮನೆ ಕಿತ್ಕೊಂಡಿದ್ದು ನೀವು. ನೀವು ಅಲ್ಲಿ ಹುಟ್ಟಿಲ್ಲ. ಒಂದು ದಿನ ಬಂದು ಬಾಗಿಲಲ್ಲಿ ನಿಂತು ಫೋಟೋ ತೆಗೆಸ್ಕೊಂಡ್ರಿ, ಅಷ್ಟೇ. ಆ ಹಲಗೆ ಒಂದೊಂದನ್ನೂ ನನ್ನ ಗಂಡ ಹೆಗಲ ಮೇಲೆ ಹೊತ್ತು ತಂದಿದ್ದು. ನಾಚಿಕೆ ಆಗಲ್ವೇನಪ್ಪಾ ನಿಮಗೆ?”

ನಗರದುದ್ದಗಲಕ್ಕೂ ಚಮಚಗಳು ಕೆಳಗಿಳಿದವು. ಕುಯಾ ಪಿಟೊಯ್ ಟವೆಲಿನಿಂದ ಮುಖ ಮುಚ್ಚಿಕೊಂಡರು. ಟವೆಲು ತೆಗೆದಾಗ ಎರಡೂ ಕಣ್ಣು ಒದ್ದೆಯಾಗಿದ್ದವು.

“ನೋಡಿದ್ರಾ?” ಎಂದು ಅವರು ಜನರತ್ತ ತಿರುಗಿದರು. “ಈ ತಾಯಿಗೆ ಮನೆ ಇಲ್ಲ. ನಾನೂ ಇವರ ಹಾಗೇ ಇದ್ದೆ. ಅದೇ ಕಾಲುವೆ, ಅದೇ ವಾಲಿದ ಮನೆ! ಬಡವರನ್ನ ಮನೆಯಿಂದ ಓಡಿಸೋ ಆ ಪಾಪಿಗಳಿಗೆ ನಾನು ಮೇಯರ್ ಆದ ಮೇಲೆ ಬುದ್ಧಿ ಕಲಿಸ್ತೀನಿ!”

ಚಪ್ಪಾಳೆ ಚಾವಣಿ ಮುಟ್ಟಿತು. ಸಂಗೀತ ಶುರುವಾಯಿತು. ಅಲಿಂಗ್ ಟಾಸಿಂಗ್ ಕಣ್ಣು ಕಣ್ಣು ಬಿಟ್ಟು ನಿಂತಿದ್ದಳು.

“ಕುಣೀರಿ ಅಲಿಂಗ್,” ಎಂದು ಯಾರೋ ಪರದೆಯ ಹಿಂದಿನಿಂದ ಪಿಸುಗುಟ್ಟಿದರು. “ಕುಣೀದೇ ಇದ್ರೆ ಬಹುಮಾನ ಇಲ್ಲ.”

ಆಕೆ ಕುಣಿದಳು.

ಬಹುಮಾನವಾಗಿ ಆಕೆಗೆ ಉದ್ಯೋಗ ದೊರೆಯಿತು. ಕುಯಾ ಅವರ ಜನ್ಮಸ್ಥಳ ಸ್ಮಾರಕದಲ್ಲಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಬಡ ತಾಯಿಯಾಗಿ ಬಾಗಿಲಲ್ಲಿ ಕೂತು ಬಟ್ಟೆ ಒಗೆಯುವುದು. ಆಕೆಗೆ ಐವತ್ತೆಂಟು, ಮಗನಿಗೆ ಐವತ್ತೆರಡು ಎಂಬ ಆಕ್ಷೇಪ ಬಂದಾಗ ಅಟಾರ್ನಿ ಮೊನೆತ್, ಬಡವರಲ್ಲಿ ಬೇಗ ಮದುವೆಯಾಗುತ್ತದೆಂದು ಲಿಖಿತ ಸ್ಪಷ್ಟೀಕರಣ ನೀಡಿದಳು. ಚುನಾವಣೆಯಲ್ಲಿ ಕುಯಾ ಪಿಟೊಯ್ ಭಾರೀ ಬಹುಮತದಿಂದ ಗೆದ್ದರು. ಕೆಂಪು ಗುರುತಿನ ಮನೆಗಳನ್ನೆಲ್ಲ ಕೆಡವಲಾಯಿತು. ಒಂದೇ ಒಂದು ವಾಲಿದ ಮನೆ, ಸುತ್ತ ಹೂಕುಂಡಗಳ ನಡುವೆ ಉಳಿಯಿತು. ಅದು ನೆಟ್ಟಗಾಗದಂತೆ ನೋಡಿಕೊಳ್ಳಲು ಎಂಜಿನಿಯರೊಬ್ಬರನ್ನು ನೇಮಿಸಲಾಯಿತು.

ಉದ್ಘಾಟನೆಯ ದಿನ ಮೊದಲ ಸಂದರ್ಶಕಿಯಾಗಿ ಬಂದವರು ದೋನ್ಯಾ ಕ್ಲೊತಿಲ್ದೆ. ಊರುಗೋಲು ಬಿಟ್ಟು, ಒಗೆಯುವ ಬೋಗುಣಿಯ ಮುಂದೆ ಕುಸಿದು, ಅಲಿಂಗ್ ಟಾಸಿಂಗ್‌ಳ ಸೋಪು ನೊರೆಯ ಕೈಗಳನ್ನು ಹಿಡಿದುಕೊಂಡರು.

“ನಾನು ಅವನಿಗೆ ಏನೂ ಮಾಡ್ಲಿಲ್ಲ ತಾಯಿ. ಎಲ್ಲ ನೀವೇ ಮಾಡಿದ್ರಿ. ತುಂಬಾ ಕಾಟ ಕೊಟ್ನಾ?”

ಕ್ಯಾಮೆರಾಗಳು ಹತ್ತಿರ ಸರಿದವು. ಕಾವಲುಗಾರ ನೋಡುತ್ತಿದ್ದ. ಅಲಿಂಗ್ ಟಾಸಿಂಗ್ ತಲೆಯೆತ್ತಿ ಸೂರು ನೋಡಿದಳು. ಮಾಜಿ ಮೇಯರುಗಳ ಜಾಗದಲ್ಲಿ ಈಗ ಹೊಸ ಮೇಯರು ಹಲ್ಲು ಬಿಡುತ್ತಿದ್ದರು.

“ಕಾಟ ಏನಿಲ್ಲ ಬಿಡಿ ಅಮ್ಮಾ,” ಎಂದಳು. “ಅವನು ಹುಟ್ಟಿದ ದಿನ ಜೋರು ಮಳೆ. ಸೂರೆಲ್ಲ ಸೋರ್ತಿತ್ತು. ಮಗು ನೆನೆಯುತ್ತೆ ಅಂತ ಅವರಪ್ಪ ಹೊರಗೆ ನಿಂತು, ಬೆಳಗಾಗೋ ತನಕ ಈ ಹಲಗೇನ ಕೈಯಲ್ಲೇ ಒತ್ತಿ ಹಿಡಿದಿದ್ರು.” ಹಾಗೆ ಹೇಳುವಾಗ ಆಕೆಗೆ ನಿಜವಾಗಿಯೂ ಅಳು ಬಂತು.

ಐದು ಹೊಡೆಯಿತು. ದೋನ್ಯಾ ಕಾರು ಹತ್ತಿದರು. ಅಲಿಂಗ್ ಟಾಸಿಂಗ್ ಕೈ ಒರೆಸಿಕೊಂಡು ಬಾಗಿಲ ಬಳಿಯ ಚಪ್ಪಲಿ ಮೆಟ್ಟಿದಳು.

“ಅಲಿಂಗ್, ಚಪ್ಪಲಿ ಬಿಡಿ,” ಎಂದ ಕಾವಲುಗಾರ. “ಅದು ಕುಯಾ ಅವರ ತಾಯಿಯದು.”

“ಹೌದಲ್ಲ, ಮರೆತೇಬಿಟ್ಟೆ,” ಎಂದು ಆಕೆ ಚಪ್ಪಲಿಗಳನ್ನು ಜೋಡಿಸಿಟ್ಟು, ಬರಿಗಾಲಲ್ಲಿ ಮಾಂಗ್ ಇಸ್ಕೊನ ಬೆಂಚಿನ ಕಡೆ ನಡೆದಳು.