ಹುಲಿಗೆಮ್ಮನ ಕೈಯ ಮಾಲೀಸು

ಮದುವೆಯಾಗಿ ಬಹಳ ವರ್ಷವಾದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಎಷ್ಟು ಮುಟ್ಟುತ್ತಾರೆ ಎನ್ನುವುದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನು ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಚಹಾದ ಕಪ್ಪು ಕೈ ಬದಲಾಗುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಬೈಕಿನಲ್ಲಿ ಮಸ್ಕಿಗೆ ಹೋಗುವಾಗ ತಗ್ಗು ಬಂದರೆ ಹೆಂಡತಿ ನನ್ನ ಭುಜ ಹಿಡಿಯುತ್ತಿದ್ದಳು. ರಸ್ತೆ ರಿಪೇರಿಯಾದ ಮೇಲೆ ಅದೂ ಹೋಯಿತು. ಊರಿಗೆಲ್ಲ ಖುಷಿ, ನನಗೊಬ್ಬನಿಗೇ ಸಂಕಟ. ನನಗೆ ಹೆಂಡತಿಯ ಕೈ ಬೇಕಾಗಿತ್ತು, ಅಷ್ಟೇ ವಿಷಯ.

ನಾನು ಸಿಂಧನೂರಿನಲ್ಲಿ ಗಂಡಸರ ಬಟ್ಟೆ ಹೊಲಿಯುವ ಟೇಲರ್. ಒಂದು ದಿನ ಅಂಗಡಿಯಲ್ಲಿ ಅಂಗಿಗೆ ಗುಂಡಿ ತೂರಿಸುವ ಕಾಜ ಮಾಡುತ್ತ ಮೊಬೈಲಿನಲ್ಲಿ ಗಂಡ ಹೆಂಡಿರ ಮಾಲೀಸಿನ ವಿಡಿಯೊ ನೋಡಿದೆ. ಮೇಣದಬತ್ತಿ, ಸಣ್ಣಗೆ ಸಂಗೀತ, ಗಂಡನ ಬೆನ್ನ ಮೇಲೆ ಹೆಂಡತಿಯ ಎಣ್ಣೆ ಕೈ. ಗಿರಾಕಿ ಬಂದರೆ ಮುಚ್ಚುವುದು, ಹೋದರೆ ತೆರೆಯುವುದು. ಅಂದು ಒಂದು ಅಂಗಿಗೆ ಗುಂಡಿಗಳಿಗಿಂತ ಕಾಜಗಳೇ ಹೆಚ್ಚಾದವು. ಸಂಜೆ ನಾಚಿಕೆ ಬಿಟ್ಟು ಅದನ್ನು ನನ್ನ ಹೆಂಡತಿ ಹುಲಿಗೆಮ್ಮನಿಗೂ ತೋರಿಸಿದೆ. ಆಕೆ ಕೊನೆಯವರೆಗೂ ನೋಡಿ, ಆ ಹೆಂಗಸಿನ ಕೈಯಲ್ಲಿ ಕಸುವೇ ಇಲ್ಲ ಎಂದಳು. ಐತವಾರ ಮಕ್ಕಳು ಮಸ್ಕಿಯ ಸೋದರತ್ತೆ ಮನೆಗೆ ಹೋಗುತ್ತಾರೆ, ತಾನೇ ಮಾಡುತ್ತೇನೆ ಎಂದೂ ಹೇಳಿದಳು. ನನಗೆ ಆ ವಾರ ಊಟ ರುಚಿಸಲಿಲ್ಲ.

ನಾನು ಮರೆತದ್ದು ಒಂದೇ. ಹುಲಿಗೆಮ್ಮ ತವರೂರು ಮುಕ್ಕುಂದದಲ್ಲಿ ತನ್ನ ಬಳಗದ ಹಸುಗೂಸುಗಳಿಗೆಲ್ಲ ಎಣ್ಣೆ ತಿಕ್ಕಿ ಎರೆದವಳು. ಆಕೆಯ ಕೈಗೆ ಬರುವುದು ಆ ಮಾಲೀಸು ಒಂದೇ. ಐತವಾರ ಮಧ್ಯಾಹ್ನ ಬಾಗಿಲಿಗೆ ಚಿಲಕ ಹಾಕಿ, ನೆಲದ ಮೇಲೆ ಕಾಲು ಚಾಚಿ ಕುಳಿತು, ಅದರ ಮೇಲೆ ಮಲಗಲು ಹೇಳಿದಳು. ಇದು ಯಾವುದೋ ಹೊಸ ಪಟ್ಟು ಇರಬೇಕೆಂದು ಮಲಗಿದೆ. ಎದೆಗೆ ತಿಕ್ಕಿದಳು, ಹೊಕ್ಕಳ ಸುತ್ತ ತಿಕ್ಕಿದಳು. ಆಮೇಲೆ ನನ್ನ ಬಲಗೈ ಹಿಡಿದು ಎಡಗಾಲಿಗೆ ಮುಟ್ಟಿಸಲು ಹೊರಟಳು. ನನ್ನ ಹೊಟ್ಟೆ ಒಪ್ಪಲಿಲ್ಲ. ಮೂಗು ನೆಟ್ಟಗಾಗಲೆಂದು ಜಗ್ಗಿದಳು, ತಲೆ ದುಂಡಗಾಗಲೆಂದು ಒತ್ತಿದಳು, ಲೋಬಾನದ ಹೊಗೆ ಕೊಟ್ಟು ಹಳೇ ಸೀರೆಯಲ್ಲಿ ಕೈಕಾಲು ಸೇರಿಸಿ ಬಿಗಿಯಾಗಿ ಸುತ್ತಿದಳು. ಏನಿದು ಎಂದು ಕೇಳಬೇಕೆನ್ನುವಷ್ಟರಲ್ಲಿ ನನಗೆ ನಿದ್ದೆ ಬಂದಿತ್ತು. ಎದ್ದಾಗ ಹೊತ್ತು ಇಳಿದಿತ್ತು. ಪಕ್ಕದಲ್ಲಿ ಹುಲಿಗೆಮ್ಮ ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದಳು.

"ಎಣ್ಣಿ ಕೈಲೆ ಕಾದು ಕುಂತೀನ್ರಿ," ಎಂದಳು. "ನೀವು ಗೊರಕಿ ಹೊಡದ್ರಿ."

ಅಯ್ಯೋ, ಆಕೆಗೂ ನನ್ನ ಕೈ ಬೇಕಾಗಿತ್ತು! ಸೀರೆಯೊಳಗಿಂದ ಒಂದು ಕೈಯನ್ನಾದರೂ ಹೊರಗೆ ತೆಗೆಯೋಣವೆಂದರೆ ಆಗಲಿಲ್ಲ.

ಮರುವಾರ ನನ್ನ ಪಾಳಿ. ಬೆಚ್ಚಗಿನ ಎಣ್ಣೆ ಹಚ್ಚಿಕೊಂಡು ಆಕೆಯ ಬೆನ್ನ ಮೇಲೆ ಕೈಯಿಟ್ಟೆ. ಹಾಳು ಕೈ, ತಾನಾಗಿಯೇ ಗೇಣು ಹಾಕತೊಡಗಿತು. ಬಾಯಿಯೂ ಸುಮ್ಮನಿರದೆ ಭುಜ ಹದಿನಾಲ್ಕೂವರೆ ಎಂದುಬಿಟ್ಟಿತು. ಆಗ ಕಂಡಿತು: ಎಡಭುಜ ಒಂದಿಷ್ಟು ಇಳಿದಿತ್ತು. ಹಾಗೇ ಹೇಳಿದೆ.

"ಇವತ್ತ ಕಂಡ್ತೇನ್ರಿ ನಿಮಗ?" ಎಂದಳು ಮೆತ್ತಗೆ.

ಏನಾದರೂ ಪ್ರೀತಿಯ ಮಾತು ಆಡಬೇಕಾಗಿತ್ತು. ಭುಜದೊಳಗೆ ಸ್ವಲ್ಪ ಕ್ಯಾನ್ವಾಸ್ ಬಟ್ಟೆ ಕೊಟ್ಟು ಎತ್ತರಿಸಿದರೆ ಇಳಿದದ್ದು ಗೊತ್ತಾಗುವುದಿಲ್ಲ ಎಂದೆ.

ಹುಲಿಗೆಮ್ಮ ದಿಂಬಿಗೆ ಮುಖ ಒತ್ತಿ ನಗತೊಡಗಿದಳು. ಅಂಗೈ ಕೆಳಗೆ ಬೆನ್ನೆಲ್ಲ ನಕ್ಕಿತು. ನಗುವ ಬೆನ್ನಿಗೆ ಅಳತೆ ಹಿಡಿಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಕೈ ಸುಮ್ಮನೆ ಅಲ್ಲೇ ಉಳಿಯಿತು. ಆಕೆ ಹೊರಳಿ ಆ ಕೈ ಹಿಡಿದುಕೊಂಡಳು.

"ಅಳತಿ ಸಾಕು. ಹಿಂಗ ಇರ್ಲಿ ಕೈ."

ಮುಂದಿನದು ನಮ್ಮಿಬ್ಬರಿಗೇ ಇರಲಿ. ಇಬ್ಬರಿಗೂ ನಿದ್ದೆಯಂತೂ ಬರಲಿಲ್ಲ. ಸೋಮವಾರ ಲಿಂಗಸುಗೂರಿನ ಗಿರಾಕಿಯೊಬ್ಬರು ಸಫಾರಿಗೆ ಅಳತೆ ಕೊಡಲು ಬಂದರು. ನಾನು ಟೇಪು ಹಿಡಿದು ಅವರ ಬೆನ್ನ ಹಿಂದೆ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವರು ತಿರುಗಿ ನನ್ನ ಮುಖ ನೋಡಿದರು. ನೋಡಿದರೆ ಟೇಪು ನನ್ನ ಕೊರಳಲ್ಲೇ ಇದೆ, ಕೈ ಅವರ ಭುಜ ನೀವುತ್ತಿದೆ. ಸಫಾರಿ ಬಟ್ಟೆ ಇನ್ನೂ ನನ್ನ ಅಂಗಡಿಯಲ್ಲೇ ಇದೆ, ಅವರು ಮಾತ್ರ ಈ ಕಡೆ ಬಂದಿಲ್ಲ.